ಕರೆಂಟ್ ಬಂದ ಮೇಲೆ ಸತ್ತವು ನಮ್ಮ ಮೀನುಗಳು

ಕ್ಯಾನಿಸ್ಟರ್ ಫಿಲ್ಟರ್ (ಮೀನಿನ ಟ್ಯಾಂಕಿನ ಹೊರಗಿದ್ದು, ಪೈಪಿನಲ್ಲಿ ನೀರು ಎಳೆದು ಶುದ್ಧ ಮಾಡಿ ವಾಪಸ್ ಬಿಡುವ ಡಬ್ಬಿ) ಇಟ್ಟುಕೊಂಡು ಮೀನು ಸಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಕರೆಂಟ್ ಇಲ್ಲದ 14 ಗಂಟೆ ನಮ್ಮ ಗೋಲ್ಡ್ ಫಿಶ್‌ಗಳು ಬದುಕಿದ್ದವು. ಕರೆಂಟ್ ಬಂದ ಎರಡೇ ಗಂಟೆಯಲ್ಲಿ ನಾಲ್ಕರಲ್ಲಿ ಮೂರು ಹೋದವು.

ಮೈಸೂರಿನ ಮೇ ತಿಂಗಳ ಗಾಳಿಮಳೆ ಗೊತ್ತಲ್ವಾ. ಸಂಜೆ 7ಕ್ಕೆ ನಮ್ಮ ಬೀದಿಯ ಮರದ ಕೊಂಬೆ ವೈರ್ ಮೇಲೆ ಬಿತ್ತು. ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಟ್ಯಾಂಕ್ ಇರುವ ಮೂಲೆಯ ಪ್ಲಗ್ ಪಾಯಿಂಟ್‌ಗೆ ಅದರ ಲೈನ್ ಎಳೆಸಿರಲಿಲ್ಲ. 10 ಗಂಟೆ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಗೋಲ್ಡ್ ಫಿಶ್‌ಗೆ ಬೇಕಾಗುವುದೋ ಜಾಸ್ತಿ. ನಾನು, ನನ್ನ ಹೆಂಡತಿ ಸರದಿಯ ಮೇಲೆ ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಒಂದು ಅಡಿ ಮೇಲಿಂದ ಸುರಿಯುತ್ತಾ ಬೆಳಗು ಮಾಡಿದೆವು. ಆಹಾರ ಹಾಕಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಬೆಳಿಗ್ಗೆ 9ಕ್ಕೆ ಕರೆಂಟ್ ಬಂತು, ಫಿಲ್ಟರ್ ತಾನೇ ಓಡತೊಡಗಿತು. ಪೈಪಿನಿಂದ ಸ್ವಲ್ಪ ಹೊತ್ತು ಕಂದು ನೀರು ಬಂದದ್ದನ್ನು ನೋಡಿದೆ. ಕಸ ಅಲುಗಾಡಿರಬೇಕು ಅಂದುಕೊಂಡು ಮಲಗಿಬಿಟ್ಟೆ. 11ಕ್ಕೆ ಎದ್ದು ಬಂದರೆ ಹಾಲ್ ತುಂಬ ಕೊಳೆತ ಮೊಟ್ಟೆಯ ವಾಸನೆ. ಮಗಳು ಸಾಕಿದ್ದ ಬಿಳಿ ಮೀನು ಪಕ್ಕಕ್ಕೆ ವಾಲಿ ತೇಲುತ್ತಿತ್ತು, ಕಿವಿರು ಇನ್ನೂ ಸಣ್ಣಗೆ ಆಡುತ್ತಿತ್ತು. ಕೈಯಲ್ಲಿ ಹಿಡಿದಿದ್ದ ಹಾಗೆಯೇ ನಿಂತುಹೋಯಿತು.

ಆದದ್ದು ಇಷ್ಟು. ಕ್ಯಾನಿಸ್ಟರ್ ಅಂದರೆ ಮುಚ್ಚಿದ ಡಬ್ಬಿ. ಒಳಗಿನ ಸ್ಪಂಜು, ಸೆರಾಮಿಕ್ ರಿಂಗುಗಳಲ್ಲಿ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ, ಅವಕ್ಕೂ ಆಮ್ಲಜನಕ ಬೇಕು. ನೀರು ಹರಿಯುವುದು ನಿಂತರೆ ಕೆಲವೇ ಗಂಟೆಯಲ್ಲಿ ಒಳಗೆ ಉಸಿರು ಕಟ್ಟುತ್ತದೆ. ಅವು ಸಾಯುತ್ತವೆ, ಕಸ ಕೊಳೆಯುತ್ತದೆ. ಕರೆಂಟ್ ಬಂದ ತಕ್ಷಣ ಆ ವಿಷವೆಲ್ಲ ಒಂದೇ ಸಲ ಟ್ಯಾಂಕಿಗೆ ಬಂದು ಬೀಳುತ್ತದೆ. ರಾತ್ರಿಯಿಡೀ ಸುಸ್ತಾಗಿದ್ದ ಮೀನು ಅದನ್ನು ತಡೆಯುವುದು ಹೇಗೆ?

ಆದ್ದರಿಂದ ಕರೆಂಟ್ ಹೋದ ಕೂಡಲೇ ಫಿಲ್ಟರಿನ ಪ್ಲಗ್ ಕಿತ್ತುಬಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಮನೆಯಲ್ಲಿ ಇನ್ಯಾರೋ ಆನ್ ಮಾಡುತ್ತಾರೆ. ಒಂದೆರಡು ಗಂಟೆ ಕಳೆದರೂ ಕರೆಂಟ್ ಬರದಿದ್ದರೆ ಡಬ್ಬಿ ತೆರೆದು ರಿಂಗುಗಳನ್ನು ಟ್ಯಾಂಕಿನ ನೀರು ತುಂಬಿದ ಅಗಲ ಬೇಸಿನ್‌ನಲ್ಲಿ ಹಾಕಿಡಿ. ಮತ್ತೆ ಜೋಡಿಸುವ ಮೊದಲು ಡಬ್ಬಿಯ ಹಳೇ ನೀರು ಚೆಲ್ಲಿ, ಟ್ಯಾಂಕಿನ ನೀರಲ್ಲೇ ಎಲ್ಲ ಜಾಲಾಡಿಸಿ. ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್‌ಗೆ ಉಳಿದ ಬ್ಯಾಕ್ಟೀರಿಯಾವೂ ಸಾಯುತ್ತವೆ. ಅಕಸ್ಮಾತ್ ಕೆಟ್ಟ ನೀರು ಒಳಗೆ ಹೋಗಿಬಿಟ್ಟರೆ, ಆಂಟಿ ಕ್ಲೋರಿನ್ ಹಾಕಿದ ನೀರಿನಿಂದ ತಕ್ಷಣ ಅರ್ಧದಷ್ಟು ನೀರು ಬದಲಿಸಿ. ನಮ್ಮ ನಾಲ್ಕನೇ ಮೀನು ಉಳಿದದ್ದು ಹಾಗೆ.

ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ತಂದಿಟ್ಟುಕೊಳ್ಳಿ. ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ಪಂಪ್ ನಿಂತಾಗ ಟ್ಯೂಬಿನಲ್ಲಿ ನೀರು ಹಿಂದಕ್ಕೆ ಇಳಿದು ಬರುತ್ತದೆ. ಊರಿಗೆ ಹೋಗುವಾಗ ಕೀ ಕೊಟ್ಟು ಹೋಗುತ್ತೀರಲ್ಲ, ಆ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿಯ ಜೊತೆ ಫಿಲ್ಟರಿನ ಪ್ಲಗ್ ಯಾವುದು ಅಂತಲೂ ತೋರಿಸಿ.