ಕಕ್ಕಬ್ಬೆಯ ತೋಟದ ಮನೆಯಲ್ಲಿ ಮೂರು ರಾತ್ರಿ

ಕೊಡಗಿಗೆ ಹೋಗೋಣ ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನಾವು ಮೊದಲು ಹಾಕುತ್ತಿದ್ದ ಲೆಕ್ಕ ಅಬ್ಬಿ ಜಲಪಾತ ಎಷ್ಟು ದೂರ, ರಾಜಾಸೀಟು ಎಷ್ಟು ದೂರ ಎಂಬುದೇ ಆಗಿತ್ತು. ಎರಡು ವರ್ಷಗಳ ಹಿಂದೆ ಅದೇ ಲೆಕ್ಕವನ್ನು ನಂಬಿ ಮಡಿಕೇರಿ ಪೇಟೆಯ ಅಂಚಿನ ಒಂದು ಹೋಂಸ್ಟೇಯಲ್ಲಿ ಉಳಿದಿದ್ದೆವು. ಅಲ್ಲಿ ಮಾಲೀಕರು ವಾಸವಿರಲಿಲ್ಲ. ಬೀಗದ ಕೈ ಕೊಟ್ಟು ಹೋದ ಹುಡುಗ ಮರುದಿನ ಒಂಬತ್ತೂವರೆಗೆ ಹೋಟೆಲಿನಿಂದ ಕಟ್ಟಿಸಿಕೊಂಡು ತಂದ ಇಡ್ಲಿಯೇ ನಮ್ಮ 'ಮನೆ ತಿಂಡಿ'ಯಾಯಿತು. ವಯಸ್ಸಾದ ನನ್ನ ತಾಯಿಗೆ ಬಿಸಿನೀರು ಕೇಳಲು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಆದ್ದರಿಂದ ಈ ಸಲ ಲೆಕ್ಕವನ್ನೇ ತಿರುಗಿಸಿದೆವು: ಯಾವ ತಿಂಗಳು, ಯಾರ ಮನೆ ಎಂಬುದನ್ನು ಮೊದಲು ತೀರ್ಮಾನಿಸಿ, ನೋಡುವ ಜಾಗಗಳನ್ನು ಕೊನೆಗೆ ಇಟ್ಟುಕೊಂಡೆವು.

ನಮ್ಮ ಮುಂದೆ ಮೂರು ಊರುಗಳಿದ್ದವು. ಸಕಲೇಶಪುರಕ್ಕೆ ರೈಲಿದೆ, ಬಸ್ಸಿನ ತಿರುವುಗಳು ಒಗ್ಗದ ಹಿರಿಯರು ಜೊತೆಗಿದ್ದರೆ ನಾನು ಈಗಲೂ ಅದನ್ನೇ ಸೂಚಿಸುತ್ತೇನೆ, ಏಕೆಂದರೆ ಕೊಡಗು ಜಿಲ್ಲೆಯಲ್ಲಿ ರೈಲು ನಿಲ್ದಾಣವೇ ಇಲ್ಲ. ಚಿಕ್ಕಮಗಳೂರಿನ ತೋಟದ ಮನೆಗಳು ಚೆನ್ನಾಗಿವೆ, ಆದರೆ ಶನಿವಾರ ಭಾನುವಾರಗಳಂದು ಮುಳ್ಳಯ್ಯನಗಿರಿಯ ದಾರಿಯಲ್ಲಿ ಸಾಲುಗಟ್ಟುವ ವಾಹನಗಳನ್ನು ನೆನೆದು ಹಿಂಜರಿದೆವು. ಮೂರನೆಯದು ಕಕ್ಕಬ್ಬೆ. ಮಡಿಕೇರಿಯಿಂದ ನಾಪೋಕ್ಲು ದಾಟಿ, ಕರ್ನಾಟಕದ ಎತ್ತರದ ಶಿಖರಗಳಲ್ಲೊಂದಾದ 1,748 ಮೀಟರಿನ ತಡಿಯಂಡಮೋಳ್ ಬುಡಕ್ಕೆ ತಲುಪಿಸುವ, ಜೇನಿಗೆ ಹಿಂದಿನಿಂದಲೂ ಹೆಸರಾದ ಊರು ಇದು. ಜನವರಿಯ ಕೊನೆಯ ವಾರ, ರೋಬಸ್ಟಾ ಕಾಫಿಯ ಕೊಯ್ಲಿನ ನಡುವೆ ನಾವು ಅಲ್ಲಿಗೆ ಹೋದೆವು.

ಮನೆಯನ್ನು ಆರಿಸಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ನಿಯಮದಂತೆ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಕೊಡುವ ಕೋಣೆಗಳು 6ನ್ನು ಮೀರಬಾರದು. ಆ ಯೋಜನೆಗೆ ಸೇರದ ಮನೆಯಾದರೂ ಈ ಎರಡು ಅಳತೆಗಳನ್ನು ಹಿಡಿದು ಕೇಳಿದರೆ ಅರ್ಧ ಸತ್ಯ ಹೊರಬೀಳುತ್ತದೆ. ನಾನು ಫೋನಿನಲ್ಲಿ ಕೇಳಿದ್ದು ನಾಲ್ಕೇ ಪ್ರಶ್ನೆ: ನೀವು ಅಲ್ಲೇ ಇರುತ್ತೀರಾ, ಎಷ್ಟು ಕೋಣೆಗಳಿವೆ, ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ, ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಏನು ತಿಂಡಿ? ಕೊನೆಯ ಪ್ರಶ್ನೆಗೆ ಇಬ್ಬರು ಮಾಲೀಕರು 'ನಿಮಗೇನು ಬೇಕೋ ಅದು' ಎಂದರು. ಮೂರನೆಯ ಮನೆಯಾಕೆ ಮಾತ್ರ 'ನಾಳೆ ಪಾಪುಟ್ಟು, ನೀವು ಬರುವ ಶುಕ್ರವಾರಕ್ಕೆ ಬೇಕಿದ್ದರೆ ನೂಪುಟ್ಟು ಮಾಡುತ್ತೇನೆ' ಎಂದರು. ಎರಡೂ ಅಕ್ಕಿಯಿಂದ ಮಾಡುವ ಕೊಡಗಿನ ತಿಂಡಿಗಳು. ಆ ಉತ್ತರ ಕೇಳಿಯೇ ಮುಂಗಡ ಕಳುಹಿಸಿದೆ.

ಹೆಂಚಿನ ಮನೆ, ಮೂರು ಕೋಣೆ, ಮುಂದೆ ವಿಶಾಲವಾದ ಕಣ. ಹಾಸಿಗೆ ಬಟ್ಟೆ ಶುಭ್ರವಾಗಿತ್ತು, ಸ್ನಾನದ ಮನೆಗೆ ಸೌದೆ ಒಲೆಯ ಬಿಸಿನೀರು ಬರುತ್ತಿತ್ತು. ಕೋಣೆಯ ಬಗ್ಗೆ ಇಷ್ಟು ಸಾಕು. ಇಡೀ ವಾಸ್ತವ್ಯದ ಜೀವ ಇದ್ದದ್ದು ಅಡುಗೆಮನೆಯಲ್ಲಿ. ನೂಪುಟ್ಟು ಎಂದರೆ ನಮ್ಮ ಒತ್ತುಶ್ಯಾವಿಗೆಯ ಹತ್ತಿರದ ನೆಂಟ. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲೇ ಒತ್ತಬೇಕು, ಆರಿದರೆ ಒರಳು ಮುಂದೆ ಸರಿಯುವುದಿಲ್ಲ. ಮನೆಯಾಕೆ ಉಂಡೆ ಹಾಕಿಕೊಡುತ್ತಿದ್ದರು, ಅವರ ಮಗ ತನ್ನ ಮೈಭಾರವನ್ನೆಲ್ಲ ಹಿಡಿಯ ಮೇಲೆ ಬಿಟ್ಟು ಒತ್ತುತ್ತಿದ್ದ, ಬೆಳ್ಳಗಿನ ಎಳೆಗಳು ಹಬೆಯಾಡುತ್ತ ತಟ್ಟೆಗೆ ಸುತ್ತಿಕೊಳ್ಳುತ್ತಿದ್ದವು. ಜೊತೆಗೆ ಕಾಯಿಹಾಲಿನ ತರಕಾರಿ ಸಾರು. ಮಕ್ಕಳಿಗೆ ಅದೇ ಊರಿನ ಜೇನು. ಮರುದಿನ ಅಕ್ಕಿಒಟ್ಟಿ ಎಂಬ ಅಕ್ಕಿರೊಟ್ಟಿ ಮತ್ತು ಎಳ್ಳು ಪಜ್ಜಿ ಎಂಬ ಎಳ್ಳಿನ ಚಟ್ನಿ. ರಾತ್ರಿ ಮಾಂಸಾಹಾರಿಗಳಿಗೆ ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ. ಆ ಕರಿಗೆ ಕಪ್ಪು ಬಣ್ಣ ಮತ್ತು ಹುಳಿಯನ್ನು ಕೊಡುವ, ಹುಳಿಹಣ್ಣಿನ ರಸವನ್ನು ಕುದಿಸಿ ಗಟ್ಟಿಮಾಡಿದ ಕಾಚಂಪುಳಿಯ ಶೀಷೆಯನ್ನು ಅವರು ಮುಚ್ಚಳ ತೆಗೆದು ಮೂಸಲು ಕೊಟ್ಟರು. ಶಾಕಾಹಾರಿಗಳಾದ ನಮ್ಮಿಬ್ಬರಿಗೆ ಬೇರೆ ಪಾತ್ರೆಯಲ್ಲಿ, ನಾವು ಹೇಳದೆಯೇ, ಅಡುಗೆ ಮಾಡಿದ್ದರು. ಇದನ್ನು ಯಾವ ಜಾಹೀರಾತಿನಲ್ಲೂ ಬರೆದಿರಲಿಲ್ಲ.

ಕೊಯ್ಲಿನ ಕಾಲದಲ್ಲಿ ಹೋಗುವುದರಿಂದ ಲಾಭವೂ ಇದೆ, ನಷ್ಟವೂ ಇದೆ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಯಜಮಾನರು ಒಂದು ಹಿಡಿ ಒಣಹಣ್ಣನ್ನು ನನ್ನ ಕಿವಿಯ ಬಳಿ ಅಲುಗಾಡಿಸಿ, ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ ಎಂದು ತೋರಿಸಿಕೊಟ್ಟರು. ಆದರೆ ಹಗಲೆಲ್ಲ ಅವರಿಗೆ ಬಿಡುವಿರಲಿಲ್ಲ. ತೋಟ ಸುತ್ತಿಸುತ್ತೇವೆ ಎಂದಿದ್ದವರು ಮೊದಲ ದಿನ ಸಂಜೆ ಆರಕ್ಕೆ, ಬೆಳಕು ಹೋಗುವ ಹೊತ್ತಿಗೆ ಬಂದರು. ಮನೆಗೆ ತಲುಪುವ ಕೊನೆಯ ಎರಡು ಕಿಲೋಮೀಟರ್ ಕಡಿದಾದ ಮಣ್ಣಿನ ದಾರಿ. ಸಣ್ಣ ಕಾರು ಎರಡು ಕಡೆ ತಳ ತಾಗಿಸಿತು. ಇದನ್ನು ಅವರು ಮೊದಲೇ ತಿಳಿಸಬೇಕಿತ್ತು, ಹೇಳಿದ್ದರೆ ಕಕ್ಕಬ್ಬೆಯಲ್ಲೇ ಕಾರು ಬಿಟ್ಟು ಜೀಪು ಕೇಳುತ್ತಿದ್ದೆವು. ಮೊಬೈಲ್ ಸಂಪರ್ಕ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ, ಆದ್ದರಿಂದ ಕೆಲಸ ಹೊತ್ತುಕೊಂಡು ಹೋಗುವವರಿಗೆ ಈ ಮನೆ ಆಗುವುದಿಲ್ಲ.

ನೋಡಬೇಕಾದ ಜಾಗಗಳು ಹತ್ತಿರದಲ್ಲೇ ಇದ್ದವು. 1792ರಲ್ಲಿ ದೊಡ್ಡವೀರರಾಜೇಂದ್ರನು ಕಟ್ಟಿಸಲು ತೊಡಗಿದ ನಾಲ್ಕುನಾಡು ಅರಮನೆ ಅರಮನೆಗಿಂತ ದೊಡ್ಡ ತೊಟ್ಟಿಮನೆಯಂತೆ ಕಾಣುತ್ತದೆ. 1834ರಲ್ಲಿ ಬ್ರಿಟಿಷರು ರಾಜ್ಯ ಕಸಿದುಕೊಳ್ಳುವ ಮುನ್ನ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದು ಇಲ್ಲೇ. ಅಲ್ಲಿಂದಲೇ ತಡಿಯಂಡಮೋಳ್ ಚಾರಣದ ದಾರಿ ಹೊರಡುತ್ತದೆ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ಎರಡು ಊಟ-ತಿಂಡಿ ಸೇರಿ ತಲೆಗೆ ದಿನಕ್ಕೆ 2,400 ರೂಪಾಯಿ ಕೊಟ್ಟೆವು. ಸೇವೆ, ಊಟ, ಮನೆಮಂದಿಯ ಆದರ ಇವನ್ನೆಲ್ಲ ನೋಡಿದರೆ ಅದು ಹೆಚ್ಚಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಚಿಕ್ಕ ಮಕ್ಕಳೊಂದಿಗೆ ಈ ಕಡೆ ಬರಬೇಡಿ ಎಂದು ನಾನು ಕಳಕಳಿಯಿಂದ ಹೇಳುತ್ತೇನೆ; ಜಿಗಣೆಯನ್ನು ಸಹಿಸಿಕೊಳ್ಳಬಹುದು, ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಹೇಗೆ ಕುಸಿದವು ಎಂಬುದನ್ನು ನೋಡಿದವರು ಇಂಥ ದಾರಿಗಳನ್ನು ಮಳೆಯಲ್ಲಿ ನಂಬಲಾರರು.

ಹೊರಡುವಾಗ ಕಾಫಿ ಹೂವಿನ ಕಾಲಕ್ಕೆ ಮತ್ತೆ ಬರುತ್ತೇವೆ, ದಿನಾಂಕ ಕಾದಿರಿಸಿ ಎಂದು ಕೇಳಿದೆವು. ಯಜಮಾನರು ಮುಂಗಡ ತೆಗೆದುಕೊಳ್ಳಲಿಲ್ಲ. ಹೂಮಳೆ ಬಿದ್ದ, ಇಲ್ಲವೇ ತಾವೇ ಸ್ಪ್ರಿಂಕ್ಲರ್ ತಿರುಗಿಸಿದ ಎಂಟು-ಹತ್ತು ದಿನಕ್ಕೆ ಹೂವು ಅರಳುತ್ತದೆ, ಅರಳಿದ ಮೇಲೆ ಕೆಲವೇ ದಿನ ನಿಲ್ಲುತ್ತದೆ, ತೋಟಕ್ಕೆ ನೀರು ಬಿದ್ದ ದಿನ ಫೋನ್ ಮಾಡುತ್ತೇನೆ, ಆಮೇಲೆ ರಜೆ ಹಾಕಿ ಎಂದರು.