4 ವರ್ಷ ಬಳಸಿದ ವಾಟರ್‌ಕಲರ್ ಪೆಟ್ಟಿಗೆ: 12ರಲ್ಲಿ ಖಾಲಿಯಾದದ್ದು ಎರಡೇ ಬಣ್ಣ

12 ಹಾಫ್ ಪ್ಯಾನ್‌ಗಳ, ಅಂದರೆ ಒಣ ಬಣ್ಣದ ಸಣ್ಣ ಬಿಲ್ಲೆಗಳ ಪೆಟ್ಟಿಗೆ ಇದು. ಆರ್ಟಿಸ್ಟ್ ಗ್ರೇಡ್, ಅಂದರೆ ವೃತ್ತಿಪರ ಕಲಾವಿದರ ದರ್ಜೆಯದು. ಈಗ ಮುಚ್ಚಳ ತೆಗೆದರೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಎರಡರ ತಳವೂ ಕಾಣುತ್ತದೆ. ಅದೂ ಮೂರನೇ ಸಲ ತುಂಬಿಸಿದ ಮೇಲೆ. ಯೆಲ್ಲೋ ಓಕರ್ ಅರ್ಧ ಮುಗಿದಿದೆ. ಕಪ್ಪು ಮಾತ್ರ ಹೋದ ವಾರದವರೆಗೂ ತಂದ ದಿನ ಹೇಗಿತ್ತೋ ಹಾಗೇ ಇತ್ತು.

ಮೊದಲ ವರ್ಷ ಕಪ್ಪು ಬಿಟ್ಟು ಎಲ್ಲ ಬಣ್ಣವೂ ಸಮನಾಗಿ ಸವೆಯುತ್ತಿತ್ತು. ವಿಡಿಯೊ ನೋಡಿ ನೋಡಿ ಸೂರ್ಯಾಸ್ತ, ದೋಣಿ, ಹೂಗೊಂಚಲು ಬಿಡಿಸುತ್ತಿದ್ದೆ. ನೋಡಿದವರು ಚೆನ್ನಾಗಿದೆ ಅಂದರು, ಸುಳ್ಳೇನೂ ಹೇಳಲಿಲ್ಲ. ಆದರೆ ಹತ್ತು ಚಿತ್ರ ಸಾಲಾಗಿ ಇಟ್ಟರೆ ಹತ್ತು ಜನ ಬಿಡಿಸಿದ ಹಾಗಿತ್ತು. ಮೂಲೆಯ ಸಹಿಯೊಂದೇ ನನ್ನದು.

ಒಂದು ಪ್ರಯಾಣಕ್ಕೆ ಭಾರ ಬೇಡ ಅಂತ ಮೂರೇ ಪ್ಯಾನ್ ಕಿತ್ತು ಸಣ್ಣ ಡಬ್ಬಿಗೆ ಹಾಕಿಕೊಂಡೆ. ಹೋದಲ್ಲಿ ಬರೀ ಮಳೆ. ಕಿಟಕಿಯ ಎದುರಿಗೆ ತೇವ ಹಿಡಿದ ಹಳೇ ಗೋಡೆ, ಬೇರೇನೂ ಇಲ್ಲ. ನೀಲಿ, ಕಂದು ಕಲಸಿ ಬೂದು ಮಾಡಿ ಧಾರಾಳವಾಗಿ ನೀರು ಬಿಟ್ಟೆ. ಒಣಗಿದ ಮೇಲೆ ನೋಡಿದರೆ ಕಲಸಿದ ಬಣ್ಣ ಮತ್ತೆ ಬೇರೆಬೇರೆ ಆಗಿತ್ತು! ಅಲ್ಟ್ರಾಮರೀನ್‌ನ ಕಣಗಳು ನೀರಿನಲ್ಲಿ ಗುಂಪುಗೂಡಿ ಕಾಗದದ ತಗ್ಗುಗಳಲ್ಲಿ ಕೂರುತ್ತವೆ. ಗ್ರ್ಯಾನ್ಯುಲೇಷನ್ ಅನ್ನುವುದು ಇದಕ್ಕೇ. ಅಲ್ಲಿಯವರೆಗೆ ಅದು ನನ್ನ ತಪ್ಪು ಅಂದುಕೊಂಡು ಬ್ರಷ್ಷಿನಿಂದ ತೀಡಿ ತೀಡಿ ಅಳಿಸುತ್ತಿದ್ದೆ. ಆ ಗೋಡೆಗೆ ಅದೇ ಬೇಕಿತ್ತು.

ಅಂದಿನಿಂದ ಗೋಡೆಗಳೇ. ಸುಣ್ಣ ಉದುರಿದ್ದು, ನೀರಿಳಿದ ಗುರುತಿರುವುದು, ಪಾಚಿ ಕಟ್ಟಿದ್ದು. ಅರೆಬರೆ ಒಣಗಿದ ಬಣ್ಣದ ಮೇಲೆ ನೀರಿನ ಹನಿ ಬಿದ್ದರೆ ಅಂಚು ಹೂಕೋಸಿನ ಹಾಗೆ ಅರಳಿಕೊಳ್ಳುತ್ತದಲ್ವಾ, ಈಗ ಅದನ್ನು ಬೇಕೆಂದೇ ಬೀಳಿಸುತ್ತೇನೆ. ಯಾವಾಗ ಬೀಳಿಸಬೇಕು ಅನ್ನುವುದು ಹಾಳೆಯ ಹೊಳಪು ನೋಡಿದರೆ ಗೊತ್ತಾಗುತ್ತದೆ. ಪೂರ್ತಿ ಹೊಳೆಯುವಾಗ ಹನಿ ಸುಮ್ನೆ ಹರಡಿ ಮಾಯ. ಹೊಳಪು ಆರುತ್ತಾ ಬಂದಾಗ ಬಿಟ್ಟರೆ ಕಲೆ ನಿಲ್ಲುತ್ತದೆ. ಇದು ಕೈಗೆ ಹತ್ತಲು ಎರಡು ವರ್ಷ ಬೇಕಾಯಿತು. ಹಾಳಾದ ಹಾಳೆಗಳ ಲೆಕ್ಕ ಕೇಳಬೇಡಿ.

ಪೆಟ್ಟಿಗೆಯ ಬಗ್ಗೆ ದೂರುಗಳೂ ಇವೆ. ಮುಚ್ಚಳದ ತಗಡಿನ ಕೀಲುಗಳಿಗೆ ತುಕ್ಕು ಹಿಡಿದಿದೆ, ಒದ್ದೆ ಇರುವಾಗಲೇ ಮುಚ್ಚಿಟ್ಟದ್ದು ನಾನೇ ಬಿಡಿ. ಇದರಲ್ಲಿರುವ ಅಲಿಜರಿನ್ ಕ್ರಿಮ್ಸನ್ ಪಿಆರ್ 83 ಅನ್ನುವ ಸಂಖ್ಯೆಯ ಹಳೇ ಪಿಗ್ಮೆಂಟಿನದು (ಪಿಗ್ಮೆಂಟ್ ಅಂದರೆ ಬಣ್ಣ ಕೊಡುವ ಪುಡಿ), ಬೆಳಕಿಗೆ ಮಾಸುವ ಕೆಂಪು. ಒಂದು ಪಟ್ಟಿ ಬಳಿದು, ಅರ್ಧ ಭಾಗ ಮುಚ್ಚಿ ಕಿಟಕಿಗೆ ಅಂಟಿಸಿದ್ದೆ. ಕೆಲವು ತಿಂಗಳಲ್ಲೇ ಎರಡು ಅರ್ಧಗಳೂ ಬೇರೆ ಬೇರೆ ಬಣ್ಣ. ಅಷ್ಟರಲ್ಲಿ ಅದನ್ನು ಬಳಸಿ ಬಿಡಿಸಿದ ಒಂದು ಚಿತ್ರವನ್ನು ಉಡುಗೊರೆ ಕೊಟ್ಟೂ ಆಗಿತ್ತು. ಕೊಳ್ಳುವ ಮುಂಚೆ ಪ್ಯಾನ್ ಮೇಲಿನ ಪಿಗ್ಮೆಂಟ್ ಸಂಖ್ಯೆ ನೋಡಿ. ಅಲ್ಟ್ರಾಮರೀನ್ ಅಂದರೆ ಪಿಬಿ 29, ಅದೊಂದೇ ಇರಬೇಕು. ಮೊದಲೇ ಎರಡು ಮೂರು ಪಿಗ್ಮೆಂಟ್ ಬೆರೆಸಿದ ಬಣ್ಣಗಳನ್ನು ಮತ್ತೆ ಕಲಸಿದರೆ ಬೇಗ ಕೆಸರಾಗುತ್ತದೆ.

ಇನ್ನೊಂದು ಮಾತು, ಇದು ಬಣ್ಣಕ್ಕಿಂತ ಮುಖ್ಯ: ಕಾಗದ. ಇದೇ ಬಣ್ಣ ಮರದ ತಿರುಳಿನ ಅಗ್ಗದ ಹಾಳೆಯ ಮೇಲೆ ನನಗೆ ಮಂಕಾಗಿಯೇ ಕಂಡಿತು. ಎರಡನೇ ಪದರ ಹಚ್ಚಿದರೆ ಮೊದಲನೆಯದು ಎದ್ದು ಬರುತ್ತಿತ್ತು. 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ), ಪೂರ್ತಿ ಹತ್ತಿಯ, ಸ್ವಲ್ಪ ತರಿಯಿರುವ ಕೋಲ್ಡ್ ಪ್ರೆಸ್ ಹಾಳೆಗೆ ಬಂದ ಮೇಲೆ ಗೋಡೆ ಗೋಡೆಯ ಹಾಗೆ ಕಂಡಿತು.

5ಕ್ಕೆ 4 ಕೊಡುತ್ತೇನೆ. ಮತ್ತೆ ಕೊಳ್ಳುತ್ತೀರಾ ಅಂದರೆ, ಪೆಟ್ಟಿಗೆ ಬೇಡ, ಬಿಡಿ ಪ್ಯಾನ್ ಸಾಕು. ಹೋದ ವಾರ ಕಪ್ಪನ್ನು ಕಿತ್ತು ಆ ಜಾಗದಲ್ಲಿ ಇನ್ನೊಂದು ಅಲ್ಟ್ರಾಮರೀನ್ ಕೂರಿಸಿದೆ.