ಸ್ಟೆಮ್ ಸೆಲ್ ಅಂತ ಚುಚ್ಚಿದರು, ಹದಿಮೂರನೇ ವಾರ ಟೆಂಡನ್ ಹರಿಯಿತು: ಕುದುರೆ ಸಾಕುವವರು ಓದಿ

ನಾಲ್ಕು ವರ್ಷದ ರೇಸ್ ಕುದುರೆ. ಬೆಳಗಿನ ಗ್ಯಾಲಪ್ ಮುಗಿಸಿ ಲಾಯಕ್ಕೆ ಬಂದಾಗ ಕುಂಟುತ್ತಿರಲಿಲ್ಲ. ಸಂಜೆ ಸೈಸ್ (ಕುದುರೆ ನೋಡಿಕೊಳ್ಳುವವನು) ಬ್ಯಾಂಡೇಜ್ ಬಿಚ್ಚಿದಾಗ ಎಡ ಮುಂಗಾಲಿನ ಹಿಂಬದಿ ಕೈಗೆ ಬಿಸಿ ತಾಗಿತು. ಬೆರಳಲ್ಲಿ ಹಿಸುಕಿದರೆ ಕಾಲು ಎಳೆದುಕೊಳ್ಳುತ್ತಿತ್ತು. ಹದಿಮೂರು ವಾರದ ನಂತರ ಅಲ್ಲಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಪೂರ್ತಿ ಹರಿದು ಫೆಟ್ಲಾಕ್ (ಗೊರಸಿನ ಮೇಲಿನ ಕೀಲು) ಕೆಳಗೆ ಜಗ್ಗಿತು. ಈ ನಡುವೆ ಓನರ್ ಕೈಯಿಂದ ‘ಸ್ಟೆಮ್ ಸೆಲ್ ಚಿಕಿತ್ಸೆ’ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲಕೋಶಗಳನ್ನು ಗಾಯಕ್ಕೆ ಚುಚ್ಚುವುದು) ಎಂಬ ಹೆಸರಲ್ಲಿ 1,80,000 ರೂಪಾಯಿ ಹೋಗಿತ್ತು. ಯಾರ ಲಾಯ, ಯಾವ ಡಾಕ್ಟರು ಎಂಬುದು ಇಲ್ಲಿ ಬೇಡ. ಏನೇನು ತಪ್ಪಾಯಿತು, ಯಾವ ಹಂತದಲ್ಲಿ ಅದನ್ನು ಹಿಡಿಯಬಹುದಿತ್ತು ಎಂಬುದಷ್ಟೇ ಬೇಕು.

ಪೆಟ್ಟಾದದ್ದು ಕಾಲಿನ ಹಿಂದೆ ಚರ್ಮಕ್ಕೆ ತೀರ ಹತ್ತಿರ ಇರುವ ಮೇಲ್ಪದರದ ಟೆಂಡನ್ನಿಗೆ, ಲಾಯದವರು ‘ಬೋ ಆಗಿದೆ’ ಅನ್ನುವ ಜಾಗಕ್ಕೆ. ಪೂರ್ಣ ವೇಗದಲ್ಲಿ ಓಡುವಾಗ ಇದು ತನ್ನ ಉದ್ದದ ಸುಮಾರು 16 ಶೇಕಡಾದಷ್ಟು ಹಿಗ್ಗುತ್ತದೆ, ಒಳತಿರುಳಿನ ಬಿಸಿ 45 ಡಿಗ್ರಿವರೆಗೂ ಏರುತ್ತದೆ. ಹರಿಯುವುದು ಸಾಮಾನ್ಯವಾಗಿ ಆ ತಿರುಳೇ, ಸುತ್ತಲಿನ ಎಳೆಗಳು ಉಳಿದಿರುತ್ತವೆ. ಹಾಗಾಗಿ ಒಳಗೆ ತೂತು ಬಿದ್ದಿದ್ದರೂ ಕುದುರೆ ನೆಟ್ಟಗೆ ನಡೆಯುತ್ತದೆ. ರಕ್ತ ಸಂಚಾರ ಕಡಿಮೆ ಇರುವ ಜಾಗವಾದ್ದರಿಂದ ಅದು ತಾನೇ ವಾಸಿಯಾದರೂ ತುಂಬಿಕೊಳ್ಳುವುದು ಮೊದಲಿನಂಥ ಗಟ್ಟಿ ಎಳೆಯಲ್ಲ, ಹಿಗ್ಗದ ಕಲೆಯಂಥ ಅಂಗಾಂಶ. ಸ್ಟೆಮ್ ಸೆಲ್, ಪಿಆರ್‌ಪಿ (ಪ್ಲೇಟ್‌ಲೆಟ್ ಎಂಬ ರಕ್ತಕಣ ಸಾಂದ್ರಗೊಳಿಸಿದ ಪ್ಲಾಸ್ಮಾ) ಎಲ್ಲ ಬಂದದ್ದು ಈ ತುಂಬುವಿಕೆಯನ್ನು ಸುಧಾರಿಸಲು. ವಾಸಿಯಾಗುವ ದಿನಗಳನ್ನು ಕಡಿಮೆ ಮಾಡಲು ಅಲ್ಲ. ಈ ಕೇಸಿನಲ್ಲಿ ಓನರ್‌ಗೆ ಮಾರಿದ್ದು ಮಾತ್ರ ದಿನಗಳನ್ನೇ: ‘ಮೂರು ತಿಂಗಳಿಗೆ ಟ್ರ್ಯಾಕಿಗೆ’.

ಮೊದಲ ತಪ್ಪು ಸ್ಕ್ಯಾನಿನಲ್ಲಿ. ಎರಡನೇ ದಿನವೇ ಅಲ್ಟ್ರಾಸೌಂಡ್ ಮಾಡಿ ‘ಸಣ್ಣ ಗಾಯ’ ಎಂದು ಬರೆದು ಮುಗಿಸಿದರು. ಪೆಟ್ಟಾದ ಮೊದಲ ಒಂದೆರಡು ವಾರ ಗಾಯ ಇನ್ನೂ ಅಗಲವಾಗುತ್ತಲೇ ಇರುತ್ತದೆ. ಎರಡನೇ ದಿನ ನೋಡಿದರೂ ತಪ್ಪಲ್ಲ, ಏಳರಿಂದ ಹತ್ತನೇ ದಿನದಲ್ಲಿ ಮತ್ತೆ ನೋಡಲೇಬೇಕು. ರಿಪೋರ್ಟಿನಲ್ಲಿ ಅಳತೆ ಒಂದೂ ಇರಲಿಲ್ಲ. ಮೊಣಕಾಲಿನಿಂದ ಫೆಟ್ಲಾಕ್‌ವರೆಗೆ ಹಂತಹಂತವಾಗಿ ಅಡ್ಡ ಕೊಯ್ತದ ವಿಸ್ತೀರ್ಣ, ಗಾಯ ಅದರಲ್ಲಿ ಎಷ್ಟು ಪಾಲು, ಮೇಲಿಂದ ಕೆಳಕ್ಕೆ ಎಷ್ಟು ಸೆಂಟಿಮೀಟರ್, ಎಳೆಗಳು ಸಾಲಾಗಿವೆಯೋ ಚೆದುರಿವೆಯೋ, ಎಲ್ಲ ಬರೆದಿರಬೇಕು. ಬಲಗಾಲನ್ನೂ ಅದೇ ಮಟ್ಟದಲ್ಲಿ ಅಳೆಯಬೇಕು. ಥರೋಬ್ರೆಡ್ ಎಂಬ ರೇಸ್ ತಳಿಯಲ್ಲಿ ಈ ಟೆಂಡನ್ ನಡುಭಾಗದಲ್ಲಿ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್. ಹರಿದ ಮೇಲೆ ಇನ್ನೊಬ್ಬರು ಅಳೆದಾಗ ಎಡಗಾಲಿನಲ್ಲಿ 2.3, ಬಲಗಾಲಿನಲ್ಲಿ 1.0 ಬಂತು. ಮೊದಲ ದಿನದ ಅಂಕಿಯೇ ಇಲ್ಲದ ಮೇಲೆ ಯಾವಾಗ ಊದಿತು, ಎಷ್ಟು ಊದಿತು ಎಂದು ಕೇಳಿದರೆ ಉತ್ತರ ಎಲ್ಲಿಂದ ಬರಬೇಕು?

ಎರಡನೆಯದು ಸ್ಟೆಮ್ ಸೆಲ್ ಎಂದು ತಂದ ಬಾಟಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಮೋಸ ಹಿಡಿಯಲು ಲ್ಯಾಬ್ ಬೇಡ, ಕ್ಯಾಲೆಂಡರ್ ಸಾಕು. ಮೊದಲ ದಿನ ಕುತ್ತಿಗೆಯಿಂದ 20 ಮಿಲಿ ರಕ್ತ ತೆಗೆದರು, ನೇರಳೆ ಮುಚ್ಚಳದ ಟ್ಯೂಬುಗಳಲ್ಲಿ. ನಾಲ್ಕನೇ ದಿನ ಥರ್ಮೋಕೋಲ್ ಡಬ್ಬಿಯಲ್ಲಿ ಬಾಟಲಿ ಬಂತು: ‘ಇದೇ ಕುದುರೆಯ ಸ್ಟೆಮ್ ಸೆಲ್’. ಸ್ವಂತ ಸ್ಟೆಮ್ ಸೆಲ್ ಬೇಕಾದರೆ ಸಾಮಾನ್ಯವಾಗಿ ಎದೆಮೂಳೆಯಿಂದ ಅಥವಾ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯಬೇಕು, ಇಲ್ಲವೇ ಬಾಲದ ಬುಡದ ಪಕ್ಕದಿಂದ ಕೊಬ್ಬು. ಮಜ್ಜೆಯ ಕೋಶಗಳನ್ನು ಬೆಳೆಸಿ ಒಂದು ಕೋಟಿಯಷ್ಟು ಮಾಡಲು ಎರಡು ಮೂರು ವಾರ ಹಿಡಿಯುತ್ತದೆ. ಆ ಕುದುರೆಯ ಮೈಮೇಲೆ ಮಜ್ಜೆ ತೆಗೆದ ಗುರುತೂ ಇರಲಿಲ್ಲ, ಹೊಲಿಗೆಯೂ ಇರಲಿಲ್ಲ. ನಾಲ್ಕು ದಿನದಲ್ಲಿ ರಕ್ತದಿಂದ ಆಗುವುದು ಹೆಚ್ಚೆಂದರೆ ಪಿಆರ್‌ಪಿ. ಅದಕ್ಕೂ ನೇರಳೆ ಟ್ಯೂಬ್ ನಡೆಯುವುದಿಲ್ಲ. ಅದರಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಪ್ಲೇಟ್‌ಲೆಟ್ಟಿನ ಆಕಾರ ಕೆಡಿಸುತ್ತದೆ. ಸರಿಯಾದ ಕ್ರಮ ಎಸಿಡಿ ಎಂಬ, ಹೆಪ್ಪು ತಡೆಯುವ ಇನ್ನೊಂದು ದ್ರಾವಣ ಒಂದು ಪಾಲು, ರಕ್ತ ಒಂಬತ್ತು ಪಾಲು: 6 ಮಿಲಿಗೆ 54 ಮಿಲಿ. ದಪ್ಪ ಸೂಜಿಯಲ್ಲಿ, ಜೋರಾಗಿ ಎಳೆಯದೆ ತೆಗೆಯಬೇಕು. ಆ 60 ಮಿಲಿಯಿಂದ ಕೊನೆಗೆ ಸಿಗುವುದು ಐದಾರು ಮಿಲಿ. ತೆಗೆಯುವ ಮುಂಚೆ ಮತ್ತು ಸಾಂದ್ರವಾದ ಮೇಲೆ ಪ್ಲೇಟ್‌ಲೆಟ್ ಎಣಿಸಿದ ಚೀಟಿ ಇರಬೇಕು. ಅದಿಲ್ಲದ ಪಿಆರ್‌ಪಿ ಬರೀ ಹಳದಿ ನೀರು.

ಬೇರೆ ಕುದುರೆಯ ಕೋಶ ಬಳಸುವುದೂ ಉಂಟು. ಯುರೋಪಿನಲ್ಲಿ ಆರ್ಟಿ-ಸೆಲ್ ಫೋರ್ಟೆ ಎಂಬುದಕ್ಕೆ 2019ರಲ್ಲಿ ಪರವಾನಗಿ ಸಿಕ್ಕಿತು, ಅದು ಕೀಲಿನ ಉರಿಯೂತದ ಕುಂಟಿಗೆ. ಟೆಂಡನ್ನಿಗೆಂದೇ ರೆನ್ಯೂಟೆಂಡ್ ಬಂದದ್ದು 2022ರಲ್ಲಿ. ಅವು ಅಧಿಕೃತ ಲೇಬಲ್, ಬ್ಯಾಚ್ ನಂಬರ್, ಕೋಶಗಳ ಸಂಖ್ಯೆ ಎಲ್ಲದರೊಂದಿಗೆ ಹೆಪ್ಪುಗಟ್ಟಿಸಿ ಅತಿ ಶೀತದಲ್ಲಿ ಬರುವಂಥವು. ಕಂಡವರ ಬ್ಯಾಗಿನಲ್ಲಿ ಐಸ್‌ಪ್ಯಾಕ್ ಜೊತೆ ಬರುವುದಿಲ್ಲ. ಇನ್ನೊಂದು ಕುದುರೆಯ ಸೀರಮ್, ಪ್ಲಾಸ್ಮಾದ ಮೂಲಕ ಪಿತ್ತಜನಕಾಂಗದ ವೈರಸ್ ದಾಟಿದ ಉದಾಹರಣೆಗಳಿವೆ. ಆದ್ದರಿಂದ ದಾನಿ ಕುದುರೆಯ ಪರೀಕ್ಷಾ ವರದಿ ಇಲ್ಲದ ಕೋಶ ಬೇಡವೇ ಬೇಡ. ‘ಎಕ್ಸೋಸೋಮ್’ (ಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಎಂಬ ಹೊಸ ಹೆಸರಿಗೂ ಇದೇ ಮಾತು.

ಸಾಚಾ ಕೋಶವೇ ಆಗಿದ್ದರೂ ದಾರಿಯಲ್ಲಿ ಸಾಯುತ್ತವೆ. ಬೆಳೆಸಿ ತಂಪಿನಲ್ಲಿಟ್ಟು ಕಳಿಸಿದವನ್ನು ಒಂದೆರಡು ದಿನದೊಳಗೆ ಹಾಕಬೇಕು. ಹಾಕುವ ಮುಂಚೆ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಷ್ಟು ಜೀವಂತ ಎಂದು ಎಣಿಸಿದ್ದನ್ನು ತೋರಿಸಿ ಅನ್ನಿ. ಹತ್ತು ನಿಮಿಷದ ಕೆಲಸ.

ಚುಚ್ಚಿದ್ದು ಯಾವಾಗ? ನಾಲ್ಕನೇ ದಿನ, ಉರಿಯೂತ ಇನ್ನೂ ಕುದಿಯುತ್ತಿದ್ದಾಗ. ಕೋಶ ಹಾಕುವ ಸರಿಯಾದ ಸಮಯ ಆ ಬಿಸಿ ಇಳಿದ ಮೇಲೆ, ಕಲೆ ಗಟ್ಟಿಯಾಗುವ ಮುಂಚೆ. ಸುಮಾರಾಗಿ ಪೆಟ್ಟಾದ ನಾಲ್ಕನೇ ವಾರದ ಆಸುಪಾಸು. ಮಜ್ಜೆ ಬೆಳೆಸಲು ಹಿಡಿಯುವ ಸಮಯಕ್ಕೂ ಇದು ಹೊಂದುತ್ತದೆ. ಚುಚ್ಚಿದ್ದು ಹೇಗೆ ಎಂಬುದು ಇನ್ನೂ ಕೆಟ್ಟದ್ದು: ಸ್ಕ್ಯಾನ್ ನೋಡದೆ, ಕೈ ಅಂದಾಜಿನಲ್ಲಿ, ಒಂದೇ ಜಾಗಕ್ಕೆ 6 ಮಿಲಿ. ಟೆಂಡನ್ ಒಳಗೆ ಅಷ್ಟು ದ್ರವಕ್ಕೆ ಜಾಗವೇ ಇಲ್ಲ. ಒತ್ತಿ ತುಂಬಿದರೆ ಉಳಿದ ಒಳ್ಳೆಯ ಎಳೆಗಳೂ ಬಿರಿಯುತ್ತವೆ, ಮಿಕ್ಕದ್ದು ಸುತ್ತಲಿನ ಜಾಗಕ್ಕೆ ಸೋರುತ್ತದೆ. ಸಾಮಾನ್ಯ ಲೆಕ್ಕ ಒಟ್ಟು ಒಂದೆರಡು ಮಿಲಿ. ಕುದುರೆಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ಗಾಯಕ್ಕಿಂತ ಮೇಲೆ ನರ ಮರಗಟ್ಟಿಸಿ, ಕೂದಲು ಬೋಳಿಸಿ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ತೊಳೆದು, ಸ್ಕ್ಯಾನ್ ಪರದೆಯಲ್ಲಿ ಸೂಜಿಯ ತುದಿ ಕಾಣುತ್ತಿರುವಂತೆ ಹಲವು ಕಡೆ ಚೂರುಚೂರೇ ಹಾಕುವುದು. ಮರಗಟ್ಟಿಸುವ ಔಷಧ ಗಾಯದೊಳಗೆ ಹೋಗಬಾರದು, ಅದು ಈ ಕೋಶಗಳಿಗೆ ವಿಷ.

ಬಿಲ್ಲಿನ ಕೊನೆಯ ಸಾಲಿನಲ್ಲಿ ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್ ಇತ್ತು. ಎಲ್ಲಕ್ಕಿಂತ ಕೆಟ್ಟ ಕೆಲಸ ಇದೇ. ಸ್ಟಿರಾಯ್ಡ್ ಟೆಂಡನ್ನಿಗೆ ಬಿದ್ದರೆ ಊತ, ಬಿಸಿ, ನೋವು ಎಲ್ಲ ಒಂದು ವಾರದಲ್ಲಿ ಮಾಯ. ಎಳೆ ಮಾತ್ರ ಇನ್ನಷ್ಟು ಸಡಿಲ, ಮುಂದೆ ಸುಣ್ಣ ಕಟ್ಟುವುದೂ ಉಂಟು. ಕಾಲು ತಣ್ಣಗಾಗಿ ನುಣುಪಾದದ್ದನ್ನು ಓನರ್ ‘ಸ್ಟೆಮ್ ಸೆಲ್ ಕೆಲಸ ಮಾಡಿತು’ ಎಂದುಕೊಂಡರು. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಐದನೇ ವಾರ ಟ್ರಾಟ್ (ನಿಧಾನದ ಓಟ), ಒಂಬತ್ತನೇ ವಾರ ಕ್ಯಾಂಟರ್ (ಅದಕ್ಕಿಂತ ವೇಗ), ಹದಿಮೂರನೇ ವಾರ ಗ್ಯಾಲಪ್ (ಪೂರ್ಣ ವೇಗ).

ಈ ಕುದುರೆಗೆ ಸೋಂಕು ಆಗಲಿಲ್ಲ, ಅದೊಂದು ಪುಣ್ಯ. ಚುಚ್ಚಿದ ಮೇಲೆ ಒಂದೆರಡು ದಿನ ಸ್ವಲ್ಪ ಊತ ಸಹಜ. ಆದರೆ ಕಾಲು ಊರಲಾಗದಷ್ಟು ಕುಂಟು, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಟೆಂಡನ್ ಸುತ್ತಲಿನ ಚೀಲದಲ್ಲಿ ಕೀವಾಗಿದ್ದರೆ ಗಂಟೆಗಳ ಲೆಕ್ಕ. ದ್ರವ ತೆಗೆಸಿ ಕೋಶ ಎಣಿಸಬೇಕು, ಮೈಕ್ರೋಲೀಟರ್‌ಗೆ 30,000 ದಾಟಿದರೆ ಸೋಂಕೆಂದೇ ನಡೆದುಕೊಳ್ಳುವುದು.

ಕೋಶವೂ ಸರಿ, ಕೈಯೂ ಸರಿ ಎಂದಾದರೆ ಎಷ್ಟು ನಿರೀಕ್ಷಿಸಬಹುದು? ಮಜ್ಜೆಯ ಕೋಶ ಬೆಳೆಸಿ ಟೆಂಡನ್ನಿಗೆ ಹಾಕುವ ವಿಧಾನವನ್ನು ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ರೋಜರ್ ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಹಾಗೆ ಚಿಕಿತ್ಸೆಯಾದ 113 ಓಟದ ಕುದುರೆಗಳ ಲೆಕ್ಕ 2012ರಲ್ಲಿ ಬಂತು: ಮತ್ತೆ ಗಾಯವಾದದ್ದು 27.4 ಶೇಕಡಾ. ಮಾರುವವರು ತೋರಿಸುವುದು ಇದೇ ಅಂಕಿ. ಆದರೆ ಅವುಗಳಲ್ಲಿ 105 ಬೇಲಿ ಹಾರುವ ಓಟದವು. ನಮ್ಮ ಬೆಂಗಳೂರು, ಮೈಸೂರಿನಂತೆ ಸಪಾಟು ಓಟದವು ಎಂಟೇ ಎಂಟು, ಅವುಗಳಲ್ಲಿ ಅರ್ಧಕ್ಕೆ ಮತ್ತೆ ಗಾಯವಾಯಿತು. ಎಂಟರಿಂದ ಏನೂ ತೀರ್ಮಾನಿಸಲಾಗದು, ಸರಿ. ಹಾಗಿದ್ದಮೇಲೆ ನೂರಕ್ಕೆ ತೊಂಬತ್ತು ಗ್ಯಾರಂಟಿ ಎಂದು ಹೇಳಲೂ ಆಗದು.

ಆ ಕುದುರೆಗಳಿಗೆ ಕೊಟ್ಟದ್ದು ಇಂಜೆಕ್ಷನ್ ಮಾತ್ರವಲ್ಲ, 48 ವಾರದ ನಡಿಗೆಯೂ ಹೌದು. ಮೊದಲು ಲಾಯದಲ್ಲೇ ವಿಶ್ರಾಂತಿ, ಆಮೇಲೆ ಕೈಯಲ್ಲಿ ಹಿಡಿದು ದಿನಕ್ಕೆ ಹತ್ತು ನಿಮಿಷ, ವಾರವಾರ ಐದೈದು ನಿಮಿಷ ಏರಿಸುತ್ತ. ಟ್ರಾಟ್ ಮಾತು ಮೂರು ತಿಂಗಳ ನಂತರ, ಅದೂ ಐದು ನಿಮಿಷದಿಂದ. ಎರಡು ಮೂರು ತಿಂಗಳಿಗೊಮ್ಮೆ ಮತ್ತು ವೇಗ ಹೆಚ್ಚಿಸುವ ಪ್ರತಿ ಹೆಜ್ಜೆಗೂ ಮುಂಚೆ ಸ್ಕ್ಯಾನ್. ವಿಸ್ತೀರ್ಣ ಹಿಂದಿನದಕ್ಕಿಂತ 10 ಶೇಕಡಾ ಹೆಚ್ಚಿದ್ದರೆ ಕಾಲು ಎಷ್ಟೇ ತಣ್ಣಗಿರಲಿ, ಒಂದು ಹೆಜ್ಜೆ ಹಿಂದಕ್ಕೆ. ವಿಶ್ರಾಂತಿಯಲ್ಲಿರುವ ಕುದುರೆಗೆ ಓಟ್ಸ್, ಹುರುಳಿ ಇಳಿಸಿ. ಹೊಟ್ಟೆ ತುಂಬ ಧಾನ್ಯ ತಿಂದು ನಿಂತಲ್ಲೇ ಕುಣಿಯುವ ಕುದುರೆ ಲಾಯದೊಳಗೇ ಟೆಂಡನ್ ಹರಿದುಕೊಳ್ಳುತ್ತದೆ. ಸೈಸ್‌ಗೆ ಈ ಪಟ್ಟಿಯನ್ನು ಕನ್ನಡದಲ್ಲೋ ಹಿಂದಿಯಲ್ಲೋ ಬರೆದು ಬಾಗಿಲಿಗೆ ಅಂಟಿಸಿ. ನಡೆಸುವವರು ಅವರು, ಡಾಕ್ಟರಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಡಾಕ್ಟರ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ, ಬಾಟಲಿಯಲ್ಲಿರುವುದು ಏನು, ಯಾವ ಕುದುರೆಯಿಂದ ಯಾವ ದಿನ ತೆಗೆದದ್ದು, ಎಷ್ಟು ಕೋಶ, ಜೊತೆಗೆ ಬೇರೆ ಯಾವ ಔಷಧ ಹಾಕುತ್ತಾರೆ ಎಂಬುದನ್ನು ಅದೇ ಕಾಗದದ ಮೇಲೆ ಬರೆಸಿಕೊಳ್ಳಿ. ಖಾಲಿ ಬಾಟಲಿ ನಿಮ್ಮ ಹತ್ತಿರವೇ ಇರಲಿ. ಈ ಕೇಸಿನಲ್ಲಿ ಬಾಟಲಿಯನ್ನು ಅವರೇ ವಾಪಸು ಒಯ್ದಿದ್ದರು. ಉಳಿದದ್ದು ಬಿಲ್ಲು ಮತ್ತು ಕಸದ ಬುಟ್ಟಿಯಲ್ಲಿ ಸೈಸ್ ಎತ್ತಿಟ್ಟಿದ್ದ ಎರಡು ನೇರಳೆ ಮುಚ್ಚಳಗಳು.